ಜಾರಿದ್ದು ಯಾವುದು?

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ವಾರ್ಷಿಕ ವರದಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಂಗ್ಲಿಷ್ ಮೂಲದಲ್ಲಿ ‘ಸ್ಲಿಪ್ಪೇಜ್’ ಎಂಬ ಪದ ಮೂರು ಕಡೆ ಕಾಣಿಸಿಕೊಂಡಿತ್ತು. ಒಂದು ಕಡೆ ಯಂತ್ರದ ಪಟ್ಟಿಯ (ಬೆಲ್ಟಿನ) ಬಗ್ಗೆ, ಇನ್ನೊಂದು ಕಡೆ ಷೇರು ಮಾರಿದ ಬೆಲೆಯ ಬಗ್ಗೆ, ಮತ್ತೊಂದು ಕಡೆ ಕಟ್ಟಡ ಕಾಮಗಾರಿಯ ಬಗ್ಗೆ. ನಿಘಂಟು ತೆರೆದೆ, ‘ಜಾರುವಿಕೆ’ ಎಂದಿತ್ತು. ಮೂರೂ ಕಡೆ ಅದನ್ನೇ ಹಾಕಿ ಓದಿ ನೋಡಿದೆ. ಯಂತ್ರದ ವಾಕ್ಯ ಸರಿಯಾಗಿಯೇ ಕೂತಿತು. ಷೇರಿನ ವಾಕ್ಯ ನಗೆಪಾಟಲಾಯಿತು. ಕಟ್ಟಡವಂತೂ ಗುಡ್ಡದ ಮೇಲಿಂದ ಮೆಲ್ಲನೆ ಕೆಳಗೆ ಜಾರುತ್ತಿರುವಂತೆ ಕಾಣಿಸಿತು. ಆ ಮೂರನೆಯ ವಾಕ್ಯದ ಗತಿ ಏನಾಯಿತೆಂದು ಆಮೇಲೆ ಹೇಳುತ್ತೇನೆ. ಮೊದಲು ಪದದ ಬೆನ್ನು ಹತ್ತೋಣ.

‘ಸ್ಲಿಪ್’ ನಿಮಗೆಲ್ಲ ಗೊತ್ತು. ಕಾಲು ಸ್ಲಿಪ್ ಆಯಿತು ಎನ್ನುತ್ತೇವೆ. ಕ್ರಿಕೆಟ್‌ನಲ್ಲಿ ಬ್ಯಾಟಿನ ಅಂಚಿನಿಂದ ಜಾರಿ ಬರುವ ಚೆಂಡಿಗಾಗಿ ಕಾದು ನಿಲ್ಲುವ ಜಾಗಕ್ಕೂ ಅದೇ ಹೆಸರು. ಅದಕ್ಕೆ ‘ಏಜ್’ ಎಂಬ ಬಾಲ ಸೇರಿದಾಗ ಏನಾಗುತ್ತದೆ? ಈ ಬಾಲವೂ ನಮಗೆ ಹೊಸದಲ್ಲ. ಮೈಲೇಜ್, ಲೀಕೇಜ್, ವೇಸ್ಟೇಜ್, ವೋಲ್ಟೇಜ್, ಲಗೇಜ್ ಎಲ್ಲವೂ ಕನ್ನಡದಲ್ಲಿ ಬೇರು ಬಿಟ್ಟಿವೆ. ‘ಸ್ಲಿಪ್’ ಜರ್ಮನ್ ಬಳಗದ ಮಾತು. ‘ಏಜ್’ ಲ್ಯಾಟಿನ್‌ನಲ್ಲಿ ಹುಟ್ಟಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಎರಡು ಬೇರೆ ಮನೆತನಗಳ ಈ ಸಂಬಂಧ ಕುದುರಿದ್ದು 19ನೇ ಶತಮಾನದಲ್ಲಿ, ಯಂತ್ರಗಳ ಕಾಲದಲ್ಲಿ. ಈ ಬಾಲ ಏನು ಮಾಡುತ್ತದೆಂದು ಗಮನಿಸಿ. ಸೋರುವುದು ಒಂದು ಕ್ರಿಯೆ. ಲೀಕೇಜ್ ಎಂದ ಕೂಡಲೇ ಅದು ಅಳೆಯಬಹುದಾದ ಒಂದು ಮೊತ್ತವಾಗುತ್ತದೆ. ಸ್ಲಿಪ್ ಎಂದರೆ ಒಂದು ಸಲ ಜಾರಿದ್ದು. ಸ್ಲಿಪ್ಪೇಜ್ ಎಂದರೆ ಎಷ್ಟು ಜಾರಿತು ಎಂಬ ಲೆಕ್ಕ. ಇಷ್ಟು ಬರಬೇಕಿತ್ತು, ಇಷ್ಟು ಬಂತು, ನಡುವಿನದು ಸ್ಲಿಪ್ಪೇಜ್. ನಮ್ಮಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ಕೈಗೂ ಬಾಯಿಗೂ ನಡುವೆ ಬಿದ್ದುಹೋದ ಅಗುಳುಗಳನ್ನು ಯಾರಾದರೂ ಕೂತು ಎಣಿಸಿದರೆ ಅವರಿಗೆ ಈ ಪದ ಬೇಕಾಗುತ್ತದೆ.

ಇನ್ನೊಂದು ವಿಷಯವೂ ಇದೆ. ಕ್ರಿಯೆ ಮೊತ್ತವಾದಾಗ ಕರ್ತೃ ಕಾಣೆಯಾಗುತ್ತಾನೆ. ಕನ್ನಡದಲ್ಲಿ ‘ಜಾರಿತು’ ಎಂದರೆ ಕೇಳುವವರು ಸುಮ್ಮನಿರುವುದಿಲ್ಲ, ‘ಏನು ಜಾರಿತು?’ ಎಂದು ಕೇಳಿಯೇ ಕೇಳುತ್ತಾರೆ. ಕಾಲು ಜಾರುತ್ತದೆ, ಸೆರಗು ಜಾರುತ್ತದೆ, ಹೊತ್ತು ಜಾರುತ್ತದೆ, ಮನುಷ್ಯ ನಿದ್ದೆಗೆ ಜಾರುತ್ತಾನೆ. ಅವಕಾಶ ಕೈತಪ್ಪುತ್ತದೆ. ಮಾತು ಬಾಯಿತಪ್ಪಿ ಬರುತ್ತದೆ. ಮಣ್ಣು ಕುಸಿಯುತ್ತದೆ, ಗಂಟು ಸಡಿಲವಾಗುತ್ತದೆ, ಮೀನು ನುಣುಚಿಕೊಳ್ಳುತ್ತದೆ. ಇಂಗ್ಲಿಷ್ ಇವೆಲ್ಲಕ್ಕೂ ಒಂದೇ ಬುಟ್ಟಿ ಹಿಡಿಯುತ್ತದೆ. ನಾವು ಪ್ರತಿಯೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಇಟ್ಟುಕೊಂಡಿದ್ದೇವೆ. ಅದಕ್ಕೂ ಮಿಗಿಲಾಗಿ ಕನ್ನಡದಲ್ಲಿ ‘ಜಾರು’ ಬೇರೆ, ‘ಜಾರಿಕೊಳ್ಳು’ ಬೇರೆ. ಜಾರುವುದು ಆಕಸ್ಮಿಕ. ಜಾರಿಕೊಳ್ಳುವುದು ಬೇಕೆಂದೇ ಮಾಡುವ ಕೆಲಸ. ಆ ‘ಕೊಳ್ಳು’ ಎಂಬ ಪುಟ್ಟ ಸಹಾಯಕ ಕ್ರಿಯಾಪದ ಒಬ್ಬ ವಕೀಲ ಮಾಡುವಷ್ಟು ಕೆಲಸ ಮಾಡುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ‘ಕಾನೂನು ಜಾರಿಯಾಯಿತು’ ಎಂದು ಪತ್ರಿಕೆಯಲ್ಲಿ ಓದುವಾಗ ಕಾನೂನು ಕಾಲು ಜಾರಿ ಬಿದ್ದಂತೆ ನನಗೆ ಚಿಕ್ಕಂದಿನಲ್ಲಿ ಅನ್ನಿಸುತ್ತಿತ್ತು. ಆ ‘ಜಾರಿ’ ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು. ಹರಿಯುತ್ತಿರುವ, ನಡೆಯುತ್ತಿರುವ ಎಂದು ಅದರ ಅರ್ಥ. ನಮ್ಮ ಜಾರುವಿಕೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ‘ಆದೇಶ ಜಾರಿಯಾಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಜಾರಿ ಎಂದು ಕೇಳುವ ಆಸೆ ಇನ್ನೂ ಹೋಗಿಲ್ಲ.

ಯಂತ್ರಕ್ಕೆ ಬರೋಣ, ಏಕೆಂದರೆ ಈ ಪದ ಅತ್ಯಂತ ಪ್ರಾಮಾಣಿಕವಾಗಿರುವುದು ಅಲ್ಲಿಯೇ. ಎರಡು ಗಾಲಿಗಳನ್ನು ಪಟ್ಟಿಯಿಂದ ಜೋಡಿಸಿದ್ದೀರಿ ಎಂದುಕೊಳ್ಳಿ. ಗಾಲಿಗಳ ಅಳತೆ ಒಂದೇ. ಮೊದಲನೆಯದು ನೂರು ಸುತ್ತು ತಿರುಗಿದರೆ ಎರಡನೆಯದೂ ನೂರು ಸುತ್ತು ತಿರುಗಬೇಕು. ಅದು ತೊಂಬತ್ತೆಂಟೇ ಸುತ್ತು ತಿರುಗುತ್ತದೆ. ಆ ಎರಡು ಸುತ್ತು ಎಲ್ಲಿ ಹೋಯಿತು? ಪಟ್ಟಿ ಗಾಲಿಯ ಮೇಲೆ ಅಷ್ಟು ಜಾರಿತು. ಕಾರಿನ ಕ್ಲಚ್ ಸವೆದಾಗ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಆ ಕೂಗಿಗೆ ತಕ್ಕಂತೆ ಓಡುವುದಿಲ್ಲ; ಅದೂ ಇದೇ. ಹಡಗಿನ ಎಂಜಿನಿಯರುಗಳು ಪ್ರತಿದಿನ ಬರೆದಿಡುವ ಲೆಕ್ಕವೊಂದಿದೆ. ಪ್ರೊಪೆಲರ್ ತಿರುಗಿದ ಸುತ್ತುಗಳಿಗೆ ಹಡಗು ಇಷ್ಟು ದೂರ ಹೋಗಬೇಕಿತ್ತು, ನಿಜವಾಗಿ ಇಷ್ಟು ಹೋಯಿತು. ನೀರು ಮರವಲ್ಲವಲ್ಲ, ತಿರುಪು ಅದರೊಳಗೆ ಕಚ್ಚಿಕೊಂಡು ನಿಲ್ಲುವುದಿಲ್ಲ.

ಇಲ್ಲಿಯವರೆಗೆ ಜಾರುವುದೆಂದರೆ ನಷ್ಟ. ಆದರೆ ಒಂದು ಇಂಡಕ್ಷನ್ ಮೋಟರಿನ ಮೈಮೇಲಿರುವ ಫಲಕವನ್ನು ಯಾವಾಗಲಾದರೂ ಓದಿ. 1888ರಲ್ಲಿ ನಿಕೋಲಾ ಟೆಸ್ಲಾ ಪೇಟೆಂಟ್ ಪಡೆದ ಬಗೆಯ ಮೋಟರ್ ಅದು. ಪಂಪು, ಫ್ಯಾನು, ಗಿರಣಿ ಎಲ್ಲ ಕಡೆಯೂ ಅದೇ. ನಾಲ್ಕು ಧ್ರುವಗಳ ಮೋಟರಿಗೆ 50 ಹರ್ಟ್ಸ್ ವಿದ್ಯುತ್ ಕೊಟ್ಟರೆ ಒಳಗಿನ ಕಾಂತಕ್ಷೇತ್ರ ನಿಮಿಷಕ್ಕೆ ಸರಿಯಾಗಿ 1500 ಸುತ್ತು ತಿರುಗುತ್ತದೆ. ಫಲಕದ ಮೇಲೆ ಮಾತ್ರ 1440 ಎಂದೋ 1450 ಎಂದೋ ಕೆತ್ತಿರುತ್ತದೆ. 1440 ಎಂದಿದ್ದರೆ 60 ಸುತ್ತು ಕಡಿಮೆ, ಶೇಕಡ 4. ತಯಾರಿಸಿದವರ ಸೋಮಾರಿತನವೇ? ಅಲ್ಲ. ಕ್ಷೇತ್ರ ಮುಂದೆ ಓಡುತ್ತಿರುತ್ತದೆ, ಮೋಟರಿನ ತಿರುಗುವ ಭಾಗವಾದ ರೋಟರ್ ಅದರ ಬೆನ್ನಟ್ಟುತ್ತಿರುತ್ತದೆ. ಕ್ಷೇತ್ರ ತನ್ನನ್ನು ದಾಟಿ ಹೋಗುತ್ತಿದ್ದರೆ ಮಾತ್ರ ರೋಟರಿನಲ್ಲಿ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಮಾತ್ರ ತಿರುಗಿಸುವ ಬಲ ಹುಟ್ಟುತ್ತದೆ. ರೋಟರ್ ಎಂದಾದರೂ ಕ್ಷೇತ್ರವನ್ನು ಹಿಡಿದೇಬಿಟ್ಟಿತು ಎನ್ನಿ, ಎರಡೂ ಸಮನಾಗಿ ಓಡತೊಡಗುತ್ತವೆ, ಬಲ ಸೊನ್ನೆಯಾಗುತ್ತದೆ, ರೋಟರ್ ಮತ್ತೆ ಹಿಂದೆ ಬೀಳುತ್ತದೆ. ಹಿಂದೆ ಬಿದ್ದಿರುವುದೇ ಅದರ ಜೀವಾಳ. ಭಾರ ಹೆಚ್ಚಿದಷ್ಟೂ ಅದು ಇನ್ನಷ್ಟು ಹಿಂದೆ ಬೀಳುತ್ತದೆ, ಹಿಂದೆ ಬಿದ್ದಷ್ಟೂ ಹೆಚ್ಚು ಬಲದಿಂದ ಎಳೆಯುತ್ತದೆ; ಒಂದು ಮಿತಿಯವರೆಗೆ. ಮಿತಿ ದಾಟಿದರೆ ನಿಂತೇಹೋಗುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಇದು ಮೊದಲ ವರ್ಷದ ಪಾಠ. ಭಾಷೆ ಓದಿದ ನನಗೆ ಇದು ಗೊತ್ತಾದ ದಿನ ನಿದ್ದೆ ಬರಲಿಲ್ಲ.

ಟಯರಿನ ಕಥೆಯೂ ಹಾಗೆಯೇ. ಬ್ರೇಕ್ ಹಾಕಿದಾಗ ಗಾಲಿ ಚೂರೂ ಜಾರಬಾರದೆಂದು ನಾವು ಭಾವಿಸುತ್ತೇವೆ. ಒಣ ರಸ್ತೆಯಲ್ಲಿ ಟಯರಿಗೆ ಅತ್ಯುತ್ತಮ ಹಿಡಿತ ಸಿಗುವುದು ಗಾಲಿ ಸುಮಾರು ಶೇಕಡ 10ರಿಂದ 20ರಷ್ಟು ಜಾರುತ್ತಿರುವಾಗ. ಪೂರ್ತಿ ಕಚ್ಚಿಕೊಂಡು ನಿಂತ ಗಾಲಿ ನೂರಕ್ಕೆ ನೂರು ಜಾರುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಎಬಿಎಸ್ ಎಂಬ ವ್ಯವಸ್ಥೆ ಬ್ರೇಕನ್ನು ಕ್ಷಣಕ್ಷಣಕ್ಕೆ ಸಡಿಲಿಸಿ ಬಿಗಿದು ಗಾಲಿಯನ್ನು ಆ ನಡುವಿನ ಹದದ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

ಭೂಮಿಯೂ ಜಾರುತ್ತದೆ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪವಾದಾಗ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ, ಅಂದರೆ ನೆಲದಾಳದ ಬಂಡೆಗಳ ಬಿರುಕಿನ, ಎರಡು ಬದಿಗಳು ಒಂದನ್ನೊಂದು ಉಜ್ಜಿಕೊಂಡು ಸರಿದವು, ಕೆಲವು ಕಡೆ ಆರು ಮೀಟರಿನಷ್ಟು. ನೇರವಾಗಿದ್ದ ಬೇಲಿಯನ್ನು ನಡುವೆ ಕತ್ತರಿಸಿ ಅರ್ಧವನ್ನು ಆಚೆ ತಳ್ಳಿದಂತಾಗಿತ್ತು. ಅದನ್ನು ಅಧ್ಯಯನ ಮಾಡಿದ ಹ್ಯಾರಿ ಫೀಲ್ಡಿಂಗ್ ರೀಡ್ ಹೇಳಿದ್ದು ಇದು: ಬಂಡೆಗಳು ಆ ಬೆಳಗ್ಗೆ ಇದ್ದಕ್ಕಿದ್ದಂತೆ ಸರಿಯಲು ನಿರ್ಧರಿಸಲಿಲ್ಲ. ದಶಕಗಳ ಕಾಲ ಎರಡೂ ಬದಿಗಳು ಎಳೆಯುತ್ತಿದ್ದವು, ನಡುವೆ ಕಚ್ಚಿಕೊಂಡಿದ್ದರಿಂದ ಬಂಡೆ ಬಿಲ್ಲಿನಂತೆ ಬಾಗುತ್ತಿತ್ತು, ತಡೆಯಲಾರದ ಕ್ಷಣ ಬಂದಾಗ ಜಾರಿತು. ಅದೇ ಕ್ಯಾಲಿಫೋರ್ನಿಯಾದ ಹೋಲಿಸ್ಟರ್ ಎಂಬ ಊರಿನಲ್ಲಿ ಇನ್ನೊಂದು ಸ್ತರಭಂಗ ವರ್ಷವಿಡೀ ಮೆಲ್ಲಗೆ ತೆವಳುತ್ತಿದೆ. ಅಲ್ಲಿ ಪಾದಚಾರಿ ಹಾದಿಯ ಅಂಚುಕಲ್ಲುಗಳು ಸೊಟ್ಟಗಾಗುತ್ತವೆ, ಗೋಡೆಗಳು ಬಾಗುತ್ತವೆ, ಜನ ಅದರ ಮೇಲೆಯೇ ಓಡಾಡಿಕೊಂಡಿರುತ್ತಾರೆ. ದಿನವೂ ಕೂದಲೆಳೆಯಷ್ಟು ಜಾರುವ ಜಾಗದಲ್ಲಿ ಒತ್ತಡ ಕೂಡಿಬರುವುದು ಕಡಿಮೆ. ಒಂದು ಚೂರೂ ಜಾರದೆ ಬಿಗಿದುಕೊಂಡು ಕೂತ ಜಾಗದ ಮೇಲೆಯೇ ಭೂವಿಜ್ಞಾನಿಗಳ ಕಣ್ಣು.

ವೈದ್ಯಕೀಯದ ಬಗ್ಗೆ ಎರಡೇ ಮಾತು. ‘ಸ್ಲಿಪ್ ಡಿಸ್ಕ್’ ಎನ್ನುತ್ತೇವಲ್ಲ, ಅಲ್ಲಿ ಏನೂ ಜಾರಿರುವುದಿಲ್ಲ. ಬೆನ್ನುಮೂಳೆಗಳ ನಡುವಿನ ಆ ಬಿಲ್ಲೆ ಎರಡೂ ಕಡೆ ಭದ್ರವಾಗಿ ಅಂಟಿಕೊಂಡಿದೆ. ಅದರ ಹೊರಕವಚ ಸೀಳಿ ಒಳಗಿನ ಮೆತ್ತನೆಯ ಭಾಗ ಹೊರಗೆ ಉಬ್ಬುತ್ತದೆ. ಮೂಳೆಯೇ ಮುಂದಕ್ಕೆ ಜಾರುವ ಕಾಯಿಲೆ ಬೇರೆ ಇದೆ. ಸ್ಪಾಂಡಿಲೊಲಿಸ್ತೆಸಿಸ್ ಎಂದು ಹೆಸರು, ಗ್ರೀಕ್‌ನಲ್ಲಿ ಅದರ ಅರ್ಥವೇ ಬೆನ್ನುಮೂಳೆಯ ಜಾರುವಿಕೆ. ಜಾರಿದ್ದಕ್ಕೆ ಯಾರಿಗೂ ಉಚ್ಚರಿಸಲಾಗದ ಹೆಸರು, ಜಾರದೇ ಇದ್ದದ್ದಕ್ಕೆ ಸ್ಲಿಪ್ ಎಂಬ ಹೆಸರು.

ಇನ್ನು ಹಣದ ಲೋಕ. ಷೇರು ವಹಿವಾಟು ಮಾಡುವವರು ಯಾರಾದರೂ ಇಲ್ಲಿದ್ದರೆ ಅವರು ಕಾಯುತ್ತಿರುವುದು ಇದಕ್ಕೇ ಇರಬೇಕು. ಪರದೆಯ ಮೇಲೆ ನೂರು ಎಂದು ಕಂಡಿತು, ಕೊಳ್ಳು ಎಂದು ಒತ್ತಿದಿರಿ, ಖರೀದಿ ಆದದ್ದು ನೂರು ಚಿಲ್ಲರೆಗೆ. ಆ ಚಿಲ್ಲರೆಯೇ ಸ್ಲಿಪ್ಪೇಜ್. ಯಾರೂ ಮೋಸ ಮಾಡಿರಬೇಕಾಗಿಲ್ಲ. ನೂರರ ಬೆಲೆಗೆ ಮಾರಲು ಸಿದ್ಧರಿದ್ದವರ ಬಳಿ ಹತ್ತೇ ಷೇರುಗಳಿದ್ದವು, ನಿಮಗೆ ಬೇಕಾದದ್ದು ಐವತ್ತು. ಉಳಿದದ್ದನ್ನು ಮೇಲಿನ ಮೆಟ್ಟಿಲುಗಳಿಂದ ಎತ್ತಿಕೊಳ್ಳಬೇಕಾಯಿತು. ಕೆಲವೊಮ್ಮೆ ನಿಮ್ಮ ಪರವಾಗಿಯೂ ಜಾರುತ್ತದೆ, ಆಗ ಯಾರೂ ದೂರು ಕೊಡುವುದಿಲ್ಲ. ಲಿಮಿಟ್ ಆರ್ಡರ್ ಹಾಕಿ ಬೆಲೆಯನ್ನು ಕಟ್ಟಿಹಾಕಬಹುದು. ಆದರೆ ಆಗ ಖರೀದಿಯೇ ಆಗದೆ ಉಳಿಯಬಹುದು.

‘ಸ್ಟಾಪ್ ಲಾಸ್’ ಎಂಬುದನ್ನು ಬಹಳ ಜನ ಭರವಸೆ ಎಂದು ತಿಳಿದಿರುತ್ತಾರೆ. ಅದು ಭರವಸೆಯಲ್ಲ, ಸೂಚನೆ. ಬೆಲೆ ಇಲ್ಲಿಗೆ ಬಂದರೆ ಮಾರಿಬಿಡು ಎಂದಷ್ಟೇ ಅದು ಹೇಳುತ್ತದೆ. ಇದೇ ಬೆಲೆಗೆ ಮಾರು ಎನ್ನುವುದಿಲ್ಲ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ಮಿತಿಯನ್ನು ದಿಢೀರನೆ ಕೈಬಿಟ್ಟಿತು. ಮಿತಿಯ ಕೆಳಗೆ ತುಸು ದೂರದಲ್ಲಿ ಸ್ಟಾಪ್ ಇಟ್ಟು ನೆಮ್ಮದಿಯಾಗಿದ್ದವರ ಮುಂದೆ ನಡುವಿನ ಮೆಟ್ಟಿಲುಗಳೇ ಮಾಯವಾದವು, ಬಹಳ ಕೆಳಗಿನ ಬೆಲೆಗೆ ಅವರ ವಹಿವಾಟು ಮುಗಿಯಿತು. 2010ರ ಮೇ 6ರಂದು ಅಮೆರಿಕದ ಮಾರುಕಟ್ಟೆ ಕೆಲವೇ ನಿಮಿಷಗಳಲ್ಲಿ ಕುಸಿದು ಮೇಲೆದ್ದಾಗ ಆಕ್ಸೆಂಚರ್ ಷೇರು ಒಂದು ಸೆಂಟಿಗೆ ಮಾರಾಟವಾದ ದಾಖಲೆ ಇದೆ. ಅಂತಹ ವಿಪರೀತ ವಹಿವಾಟುಗಳನ್ನು ಆಮೇಲೆ ರದ್ದು ಮಾಡಿದರು. ಒಂದು ಸೆಂಟ್! ಇದನ್ನು ಜಾರಿದ್ದು ಎನ್ನಬೇಕೋ ಬಾವಿಗೆ ಬಿದ್ದದ್ದು ಎನ್ನಬೇಕೋ ನೀವೇ ಹೇಳಿ.

ಭಾರತದ ಬ್ಯಾಂಕುಗಳಲ್ಲಿ ಇದೇ ಪದಕ್ಕೆ ಬೇರೆಯೇ ಅರ್ಥ. ತ್ರೈಮಾಸಿಕ ಫಲಿತಾಂಶದ ಸುದ್ದಿಯಲ್ಲಿ ‘ಸ್ಲಿಪ್ಪೇಜ್ ಹೆಚ್ಚಿದೆ’ ಎಂದು ಓದಿದರೆ ಅದು ಬೆಲೆಯ ಮಾತಲ್ಲ. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದರೆ ಆ ಸಾಲ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಹಾಗೆ ಆ ಅವಧಿಯಲ್ಲಿ ಹೊಸದಾಗಿ ಸೇರಿದ ಮೊತ್ತವೇ ಸ್ಲಿಪ್ಪೇಜ್. ವರ್ಷದ ಆರಂಭದಲ್ಲಿದ್ದ ಒಳ್ಳೆಯ ಸಾಲಗಳಿಗೆ ಅದನ್ನು ಹೋಲಿಸಿ ಅನುಪಾತ ತೆಗೆಯುತ್ತಾರೆ. ವಿಚಿತ್ರವೆಂದರೆ ಇಲ್ಲಿ ಏನೂ ಕದಲಿಲ್ಲ. ಹಣ ಹೋದದ್ದು ಎಂದೋ. ಇವತ್ತು ಜಾರಿದ್ದು ಒಂದು ಅಂಕಿ, ಒಂದು ಕಾಲಮ್ಮಿನಿಂದ ಇನ್ನೊಂದು ಕಾಲಮ್ಮಿಗೆ. ಕನ್ನಡ ಪತ್ರಿಕೆಗಳು ಇದನ್ನು ‘ಹೊಸ ವಸೂಲಾಗದ ಸಾಲ’ ಎಂದು ಬರೆದಾಗ ಮೂಲಕ್ಕಿಂತ ಸ್ಪಷ್ಟವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಾರಾಟಗಾರರ ಸ್ಲಿಪ್ಪೇಜ್ ಇನ್ನೂ ಸ್ವಾರಸ್ಯಕರ. ವಸ್ತು ಕೊಳ್ಳಿ, ಅರ್ಜಿ ತುಂಬಿ, ರಸೀದಿ ಲಗತ್ತಿಸಿ ಕಳುಹಿಸಿ, ಇಷ್ಟು ಹಣ ವಾಪಸ್ ಎಂಬ ಕೊಡುಗೆಗಳಿರುತ್ತವಲ್ಲ? ವಾಪಸ್ ಸಿಗುತ್ತದೆಂಬ ಆಸೆಯಿಂದ ಕೊಂಡು, ಆಮೇಲೆ ಅರ್ಜಿ ಕಳುಹಿಸದೇ ಉಳಿಯುವವರ ಪ್ರಮಾಣಕ್ಕೆ ಆ ವ್ಯಾಪಾರದಲ್ಲಿ ಸ್ಲಿಪ್ಪೇಜ್ ಎನ್ನುತ್ತಾರೆ. ಜನ ಮರೆಯುತ್ತಾರೆ ಎಂಬ ಅಂದಾಜು ಕೊಡುಗೆಯ ಲೆಕ್ಕದಲ್ಲೇ ಸೇರಿರುತ್ತದೆ. ನಿಮ್ಮ ನೆನಪು ಜಾರಿತು, ಅವರ ಲಾಭಕ್ಕೆ ಬಂತು. ಅರ್ಜಿಯ ಅಕ್ಷರಗಳು ಸಣ್ಣಗಿದ್ದರೆ, ಗಡುವು ಚಿಕ್ಕದಿದ್ದರೆ ಇನ್ನಷ್ಟು ಜಾರುತ್ತದೆ. ‘ಜಾರಿತು’ ಅಲ್ಲ, ‘ಜಾರಿಸಿದರು’ ಎನ್ನಲು ಕನ್ನಡದಲ್ಲಿ ಒಂದೇ ಪ್ರತ್ಯಯ ಸಾಕು.

ಕಾಮಗಾರಿಗೆ ಬಂದೆವು. ಸಿಡ್ನಿ ಅಪೆರಾ ಹೌಸ್ ಕಟ್ಟಲು ಶುರು ಮಾಡಿದ್ದು 1959ರಲ್ಲಿ. 1963ರ ಜನವರಿಗೆ ಮುಗಿಯಬೇಕಿತ್ತು, ಅಂದಾಜು ವೆಚ್ಚ 70 ಲಕ್ಷ ಆಸ್ಟ್ರೇಲಿಯನ್ ಡಾಲರ್. ಬಾಗಿಲು ತೆರೆದದ್ದು 1973ರ ಅಕ್ಟೋಬರಿನಲ್ಲಿ, ಆದ ವೆಚ್ಚ 10 ಕೋಟಿ 20 ಲಕ್ಷ. ಇಂಗ್ಲಿಷಿನಲ್ಲಿ ಇದನ್ನು ಹತ್ತು ವರ್ಷಗಳ ಸ್ಲಿಪ್ಪೇಜ್ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಹತ್ತು ವರ್ಷ ತನ್ನಷ್ಟಕ್ಕೆ ಜಾರುತ್ತದೆಯೇ? ಆ ಹಾಯಿಪಟದಂತಹ ಚಾವಣಿಯನ್ನು ಹೇಗೆ ಕಟ್ಟುವುದೆಂದು ಯಾರಿಗೂ ಗೊತ್ತಿಲ್ಲದಿರುವಾಗಲೇ ಕೆಲಸ ಶುರುವಾಗಿತ್ತು. ಚುನಾಯಿತ ಸರ್ಕಾರಕ್ಕೆ ಆತುರವಿತ್ತು. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಬಹುದೆಂಬ ಪರಿಹಾರ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್‌ಗೆ ಹೊಳೆದದ್ದು 1961ರಲ್ಲಿ. ಸರ್ಕಾರದೊಂದಿಗೆ ಜಗಳವಾಗಿ ಆತ 1966ರಲ್ಲಿ ಹೊರನಡೆದ, ಉದ್ಘಾಟನೆಗೂ ಬರಲಿಲ್ಲ. ಇಲ್ಲಿ ಪ್ರತಿಯೊಂದು ಜಾರುವಿಕೆಗೂ ಒಬ್ಬ ಕರ್ತೃ ಇದ್ದಾನೆ, ಒಂದು ತೀರ್ಮಾನ ಇದೆ. ಸ್ಲಿಪ್ಪೇಜ್ ಎಂಬ ಪದ ಅವರೆಲ್ಲರ ಮೇಲೂ ಒಂದು ಕಂಬಳಿ ಹೊದಿಸುತ್ತದೆ.

ಹಾಗೆಂದು ಎಲ್ಲವೂ ಕಳ್ಳತನವಲ್ಲ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು ಇದಕ್ಕೊಂದು ಹೆಸರು ಕೊಟ್ಟರು, ಯೋಜನಾ ಭ್ರಮೆ ಎನ್ನಬಹುದು. ಹಿಂದಿನ ಕೆಲಸಗಳೆಲ್ಲ ತಡವಾದದ್ದು ಗೊತ್ತಿದ್ದರೂ ಈ ಸಲದ್ದು ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ ಎಂದು ಮನುಷ್ಯ ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಈ ಉಪನ್ಯಾಸದ ಟಿಪ್ಪಣಿ ಸಿದ್ಧಪಡಿಸಲು ನಾನು ಎರಡು ದಿನ ಸಾಕೆಂದುಕೊಂಡಿದ್ದೆ.

‘ಉಪನ್ಯಾಸ’ ಎಂದೆನಲ್ಲ, ಹಿಂದಿಯಲ್ಲಿ ಇದೇ ಪದಕ್ಕೆ ಕಾದಂಬರಿ ಎಂದು ಅರ್ಥ. ನಮ್ಮ ‘ಅವಕಾಶ’ ಅಲ್ಲಿ ರಜೆ. ಹಳಗನ್ನಡದಲ್ಲಿ ‘ನಾತ’ ಎಂದರೆ ಬರಿಯ ವಾಸನೆ, ಸುವಾಸನೆಯೂ ಆಗಬಹುದಿತ್ತು. ಇವತ್ತು ಅದನ್ನು ಹೂವಿಗೆ ಬಳಸಿ ನೋಡಿ. ಅರ್ಥಗಳೂ ಜಾರುತ್ತವೆ. ಶತಮಾನಗಳಲ್ಲಿ ಹೀಗಾದರೆ ಅದು ಭಾಷೆಯ ಚರಿತ್ರೆ. ಒಂದೇ ಮಾತುಕತೆಯ ಒಳಗೆ ಆದರೆ ಅದನ್ನೂ ಇಂಗ್ಲಿಷಿನವರು ಸ್ಲಿಪ್ಪೇಜ್ ಎನ್ನುತ್ತಾರೆ, ಆಗ ಅದು ವಾದದ ದೋಷ. ‘ಇಂತಹ ದೊಡ್ಡ ಕೆಲಸದಲ್ಲಿ ವಿಳಂಬ ಸಹಜ’ ಎಂದು ಒಬ್ಬರು ಆರಂಭಿಸುತ್ತಾರೆ. ಇಲ್ಲಿ ಸಹಜ ಎಂದರೆ ಸಾಮಾನ್ಯವಾಗಿ ಆಗುವಂಥದ್ದು. ನಾಲ್ಕು ವಾಕ್ಯಗಳಾದ ಮೇಲೆ ‘ಸಹಜವಾದದ್ದಕ್ಕೆ ಆಕ್ಷೇಪವೇಕೆ?’ ಎನ್ನುತ್ತಾರೆ. ಅಷ್ಟರಲ್ಲಿ ಸಹಜ ಎಂಬುದು ಸರಿಯಾದದ್ದು ಎಂದಾಗಿಬಿಟ್ಟಿದೆ.

ಹಸ್ತಪ್ರತಿಗಳ ಕೆಲಸ ಮಾಡಿದವರಿಗೆ ಇನ್ನೊಂದು ಜಾರುವಿಕೆ ಗೊತ್ತು. ಪ್ರತಿ ಮಾಡುವವನು ಒಂದು ಪದದವರೆಗೆ ಬರೆದು ತಲೆಯೆತ್ತುತ್ತಾನೆ, ಮತ್ತೆ ಮೂಲ ನೋಡುವಾಗ ಕಣ್ಣು ಎರಡು ಸಾಲು ಕೆಳಗಿರುವ ಅದೇ ಪದದ ಮೇಲೆ ಬೀಳುತ್ತದೆ. ನಡುವಿನ ಸಾಲುಗಳು ಹೋದವು. ಕಣ್ಣು ಮೇಲಕ್ಕೆ ಜಾರಿದರೆ ಬರೆದದ್ದೇ ಮತ್ತೊಮ್ಮೆ ಬರುತ್ತದೆ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ಪ್ರತಿಯಾಗುವಾಗಲೂ ಇದೇ ಆಗುತ್ತದೆ, ಜೀವವಿಜ್ಞಾನಿಗಳು ಇಟ್ಟ ಹೆಸರೂ ಸ್ಲಿಪ್ಪೇಜ್ ಎಂದೇ. ಒಂದೇ ತುಣುಕು ಮತ್ತೆ ಮತ್ತೆ ಬರುವ ಕಡೆ ಎಳೆಗಳು ಒಂದು ಸ್ಥಾನ ಜಾರಿ ಜೋಡಿಯಾಗುತ್ತವೆ. ಪ್ರತಿಯಲ್ಲಿ ತುಣುಕು ಒಂದು ಹೆಚ್ಚೋ ಒಂದು ಕಡಿಮೆಯೋ ಆಗುತ್ತದೆ. ಹೀಗಾಗಿ ಆ ತುಣುಕುಗಳ ಸಂಖ್ಯೆ ಜನರಿಂದ ಜನರಿಗೆ ಬದಲಾಗುತ್ತದೆ, ಡಿಎನ್‌ಎ ನೋಡಿ ವ್ಯಕ್ತಿಯನ್ನು ಗುರುತಿಸಲು ಪ್ರಯೋಗಾಲಯಗಳು ಎಣಿಸುವುದು ಇವುಗಳನ್ನೇ. ಹಂಟಿಂಗ್ಟನ್ ಎಂಬ ಮಿದುಳಿನ ಕಾಯಿಲೆಯ ವಂಶವಾಹಿಯಲ್ಲಿ ಸಿಎಜಿ ಎಂಬ ಮೂರಕ್ಷರ 40 ಅಥವಾ ಹೆಚ್ಚು ಸಲ ಮರುಕಳಿಸಿದರೆ ಕಾಯಿಲೆ ಬಂದೇ ಬರುತ್ತದೆ. ಯಾವ ಲಿಪಿಕಾರನ ತಪ್ಪಿಗೂ ಇಷ್ಟು ಬೆಲೆ ತೆತ್ತಿರಲಾರೆವು.

ನನ್ನ ಮೂರು ವಾಕ್ಯಗಳಿಗೆ ಮರಳುತ್ತೇನೆ. ಯಂತ್ರದ್ದಕ್ಕೆ ‘ಪಟ್ಟಿಯ ಜಾರುವಿಕೆ’ ಎಂದೇ ಉಳಿಸಿದೆ. ಷೇರಿನದ್ದಕ್ಕೆ ‘ನಿರೀಕ್ಷಿಸಿದ ಬೆಲೆಗೂ ದೊರೆತ ಬೆಲೆಗೂ ನಡುವಿನ ಅಂತರ’ ಎಂದು ಬರೆದೆ. ಉದ್ದವಾಯಿತು, ಆದರೆ ಓದಿದವರಿಗೆ ಅರ್ಥವಾಗುತ್ತದೆ. ಕಟ್ಟಡದ್ದಕ್ಕೆ ‘ಕೆಲಸವನ್ನು ಹೇಳಿದ ದಿನಕ್ಕೆ ನಾವು ಮುಗಿಸಲಿಲ್ಲ’ ಎಂದು ಬರೆದು ಕಳುಹಿಸಿದೆ. ಎರಡೇ ದಿನಗಳಲ್ಲಿ ಹಾಳೆ ಹಿಂತಿರುಗಿ ಬಂತು, ‘ನಾವು’ ಎಂಬುದರ ಸುತ್ತ ಕೆಂಪು ಗುರುತು, ಪಕ್ಕದಲ್ಲಿ ‘ಮೂಲದಲ್ಲಿ ಇಲ್ಲ’ ಎಂಬ ಷರಾ. ನಿಜ, ಮೂಲದಲ್ಲಿ ಇರಲಿಲ್ಲ. ‘ಕಾಲಮಿತಿಯಲ್ಲಿ ಕೊಂಚ ಜಾರಿಕೆ ಉಂಟಾಗಿದೆ’ ಎಂದು ತಿದ್ದಿ ಕಳುಹಿಸಿದೆ. ಅದು ಹಾಗೆಯೇ ಅಚ್ಚಾಯಿತು.